ಬಿದ್ದವನ ಭಕ್ತಿ ಸುಳ್ಳೇ?

ಕೆಲವು ತಿಂಗಳ ಹಿಂದೆ, ದ್ವಾದಶಿಯ ಪಾರಣೆ ಮುಗಿದು ಭಕ್ತರೆಲ್ಲರೂ ಮನೆಗೆ ಹೊರಟಿದ್ದ ಹೊತ್ತಿನಲ್ಲಿ ಹಿರಿಯ ತಾಯಿಯೊಬ್ಬರು ಹಿಂದುಳಿದು ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ಅವರ ಬಂಧುವರ್ಗದಲ್ಲಿ ಒಬ್ಬ ಯುವಕ. ಒಳ್ಳೆಯ ಮನೆತನ, ಒಳ್ಳೆಯ ಉದ್ಯೋಗ. ಕುಡಿತದ ವ್ಯಸನಕ್ಕೆ ಸಿಕ್ಕಿದ್ದವನು ಒಂದು ದಿನ ಅದನ್ನು ಬಿಟ್ಟು, ನಿತ್ಯವೂ ಸಂಧ್ಯಾವಂದನೆ, ರಾಯರ ಸ್ತೋತ್ರಪಾರಾಯಣಗಳಲ್ಲಿ ತೊಡಗಿದ. ಮನೆಯವರು ನೆಮ್ಮದಿಯ ಉಸಿರು ಬಿಟ್ಟರು. ಎರಡು ವರ್ಷಗಳ ಮೇಲೆ ಒಂದು ರಾತ್ರಿ ಮತ್ತೆ ಕುಡಿದು ಬಂದ. "ಹಾಗಾದರೆ ಆ ಎರಡು ವರ್ಷದ ಭಕ್ತಿ ಸುಳ್ಳೇನು ಆಚಾರ್ರೇ? ದೇವರು ಅವನ ಕೈ ಬಿಟ್ಟನೋ, ಅವನೇ ದೇವರ ಕೈ ಬಿಟ್ಟನೋ?" ಎಂದು ಆ ತಾಯಿ ಕೇಳಿದರು.

ಅಂದು ನಾವು ನಾಲ್ಕು ಸಮಾಧಾನದ ಮಾತು ಹೇಳಿ ಕಳುಹಿಸಿದೆವು. ಆದರೆ ಸಮಾಧಾನ ಹೇಳುವುದು ಬೇರೆ, ಉತ್ತರ ಕೊಡುವುದು ಬೇರೆ. ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಇಂಥ ಪ್ರಶ್ನೆಯನ್ನು ಮನಸ್ಸಿನೊಳಗೇ ಇಟ್ಟುಕೊಂಡಿರುವ ಮನೆಗಳು ನಮ್ಮ ಓದುಗರಲ್ಲಿಯೂ ಕೆಲವು ಇರಬಹುದೆಂಬುದು ನಮ್ಮ ಊಹೆ. ಆದುದರಿಂದ ಈ ಸಂಚಿಕೆಯಲ್ಲಿ ಅದನ್ನೇ ವಿಚಾರಕ್ಕೆ ಎತ್ತಿಕೊಂಡಿದ್ದೇವೆ. ಶಾಸ್ತ್ರದ ಅಧಿಕರಣಗಳಲ್ಲಿ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನ ಎಂಬ ಕ್ರಮವುಂಟಷ್ಟೆ. ದುಃಖದಿಂದ ಹುಟ್ಟಿದ ಪ್ರಶ್ನೆಯನ್ನು ವಿಚಾರಿಸುವಾಗ ಆ ಕ್ರಮವನ್ನು ಹಿಡಿದು ನಡೆಯುವುದೇ ಕ್ಷೇಮ.

ಯಾರದೋ ಮನೆಯ ಕಷ್ಟವನ್ನು ಪತ್ರಿಕೆಯಲ್ಲಿ ಬಿಚ್ಚಿಡುವುದು ಸಲ್ಲದು. ಆದುದರಿಂದ, ತನ್ನ ಪತನವನ್ನೂ ಚೇತರಿಕೆಯನ್ನೂ ತಾನಾಗಿಯೇ ಲೋಕದ ಮುಂದೆ ಹೇಳಿಕೊಂಡ ಒಬ್ಬ ಆಟಗಾರನ ಜೀವನವನ್ನು ಇಲ್ಲಿ ವಿಷಯವಾಗಿ ತೆಗೆದುಕೊಳ್ಳುತ್ತೇವೆ. ಆತ ಅಮೆರಿಕದವನು, ಕ್ರೈಸ್ತಮತದವನು. ಆತನ ಶ್ರದ್ಧೆ ಆತನದು, ನಮ್ಮದು ನಮ್ಮದು. ಭೇದವನ್ನು ಸತ್ಯವೆಂದು ಒಪ್ಪುವ ನಮಗೆ ಎರಡನ್ನೂ ಒಂದೇ ಎಂದು ಕಲಸುವ ಆವಶ್ಯಕತೆ ಇಲ್ಲ. ಹಾಗೆಂದು ಒಬ್ಬ ಜೀವನ ನೋವಿನಿಂದ ಕಲಿಯಬಾರದೆಂಬ ನಿಯಮವೂ ಇಲ್ಲ.

ವಿಷಯ

ಜಾಷ್ ಹ್ಯಾಮಿಲ್ಟನ್ ಹುಟ್ಟಿದ್ದು 1981ರಲ್ಲಿ, ಉತ್ತರ ಕೆರೊಲಿನಾ ರಾಜ್ಯದ ರಾಲೀ ನಗರದಲ್ಲಿ. ಆಡುತ್ತಿದ್ದುದು ಬೇಸ್‌ಬಾಲ್. ಅಲ್ಲಿನ ವೃತ್ತಿಪರ ತಂಡಗಳು ಪ್ರತಿವರ್ಷ ಹೊಸ ತರುಣರನ್ನು ಸರದಿಯ ಮೇಲೆ ಆರಿಸಿಕೊಳ್ಳುವ ಪದ್ಧತಿಯುಂಟು. 1999ರ ಆಯ್ಕೆಯಲ್ಲಿ ಇಡೀ ದೇಶಕ್ಕೆ ಮೊದಲಿಗನಾಗಿ ಆರಿಸಲ್ಪಟ್ಟವನು ಈತ. ಆಗ ವಯಸ್ಸು 18. ಒಪ್ಪಂದಕ್ಕೆ ಸಹಿ ಹಾಕಿದ್ದಕ್ಕೇ ದೊರೆತ ಹಣ 39.6 ಲಕ್ಷ ಡಾಲರ್. ತಂದೆತಾಯಿಗಳು ತಮ್ಮ ಕೆಲಸಗಳನ್ನು ಬಿಟ್ಟು, ಮಗ ಆಡಲು ಹೋದ ಊರುಗಳಲ್ಲೆಲ್ಲ ಜೊತೆಗಿದ್ದು ನೋಡಿಕೊಂಡರು.

2001ರಲ್ಲಿ ಫ್ಲಾರಿಡಾದಲ್ಲಿ ಅವರಿದ್ದ ವಾಹನಕ್ಕೆ ಟ್ರಕ್ಕೊಂದು ಡಿಕ್ಕಿ ಹೊಡೆಯಿತು. ತಾಯಿಗೆ ಪೆಟ್ಟಾಗಿ ತಂದೆತಾಯಿಗಳು ಊರಿಗೆ ಹಿಂದಿರುಗಬೇಕಾಯಿತು. ಮಗನಿಗೆ ಬೆನ್ನುನೋವು, ಆಡುವಂತಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಆತ ಒಂಟಿಯಾದ. ಆಟವಿಲ್ಲ, ಹೆತ್ತವರಿಲ್ಲ, ಕೈತುಂಬ ಹಣ, ದಿನವೆಲ್ಲ ಬಿಡುವು. ಹೊತ್ತು ಕಳೆಯಲು ಹಚ್ಚೆ ಹಾಕುವ ಅಂಗಡಿಯೊಂದರಲ್ಲಿ ಕೂರತೊಡಗಿದ. ಅಲ್ಲಿ ದೊರೆತ ಗೆಳೆಯರೊಂದಿಗೆ ಮೊದಲ ಕುಡಿತ, ಆಮೇಲೆ ಕೊಕೇನ್. ಊರು ಬಿಟ್ಟು ಬಂದು ಮಹಾನಗರದ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿರುವ ಮಕ್ಕಳನ್ನು ಉಳ್ಳ ಓದುಗರು ಈ ಭಾಗವನ್ನು ಇನ್ನೊಮ್ಮೆ ಓದಬೇಕು. ವ್ಯಸನ ಅಟ್ಟಹಾಸ ಮಾಡುತ್ತ ಬರಲಿಲ್ಲ. ಬೇಸರ ಕಳೆಯಲು ಜೊತೆ ಕೊಡುವ ಸ್ನೇಹಿತನ ಹಾಗೆ ಬಂದಿತು.

2004ರಲ್ಲಿ ಬೇಸ್‌ಬಾಲ್ ಆಡಳಿತ ಆತನನ್ನು ಆಟದಿಂದ ಹೊರಗಿಟ್ಟಿತು. ಹಣ ಕರಗಿತು. ಚಿಕಿತ್ಸಾಲಯಗಳಿಗೆ ಹಲವು ಬಾರಿ ಹೋಗಿ ಬಂದದ್ದೂ ಆಯಿತು. 2005ರ ಅಕ್ಟೋಬರದಲ್ಲಿ, ದೇಹ ಇಳಿದು ಗುರುತು ಸಿಗದಂತಾಗಿ, ಆತ ರಾಲೀ ನಗರದ ತನ್ನ ಅಜ್ಜಿಯ ಮನೆಯ ಬಾಗಿಲಿಗೆ ಬಂದು ನಿಂತ. ಅಜ್ಜಿ ಒಳಗೆ ಕರೆದು ಊಟ ಹಾಕಿದರು, ಮಲಗಲು ಕೋಣೆ ಕೊಟ್ಟರು. ಆ ಮನೆಯಲ್ಲಿಯೂ ಆತ ಮಾದಕದ್ರವ್ಯ ಸೇವಿಸಿದ. ಆಗ ಅಜ್ಜಿ ಎದುರಿಗೆ ನಿಂತು, ನೀನು ಹೀಗೆ ನಿನ್ನನ್ನು ಕೊಂದುಕೊಳ್ಳುವುದನ್ನು ನೋಡುತ್ತ ನಾನು ಕೂರಲಾರೆ ಎಂಬ ಅರ್ಥದಲ್ಲಿ ಖಂಡಿತವಾಗಿ ನುಡಿದರು. ಆ ಮಾತು ನಾಟಿತು. ಅದೇ ಕೋಣೆಯಲ್ಲಿ ತನ್ನ ಧರ್ಮಗ್ರಂಥವನ್ನು ಹಿಡಿದು, ದೇವರಿಗೆ ಶರಣಾಗಿ, ಆತ ವ್ಯಸನವನ್ನು ಬಿಟ್ಟ. ಆತ ಮುಖ್ಯವಾಗಿ ಆಶ್ರಯಿಸಿದುದು ಬೈಬಲಿನಲ್ಲಿ ಯಾಕೋಬನ ಪತ್ರದ ಒಂದು ವಚನವನ್ನು. ದೇವರಿಗೆ ತಲೆಬಾಗುವುದು, ಕೇಡನ್ನು ಎದುರಿಸಿ ನಿಲ್ಲುವುದು ಇವೆರಡನ್ನೂ ಆ ವಚನ ಒಟ್ಟಿಗೆ ವಿಧಿಸುತ್ತದೆ. ಈ ಎರಡು ಭಾಗಗಳನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

2006ರ ಆರಂಭದಲ್ಲಿ ಆತ ಫ್ಲಾರಿಡಾದ ಬೇಸ್‌ಬಾಲ್ ತರಬೇತಿ ಕೇಂದ್ರವೊಂದರಲ್ಲಿ ಶೌಚಾಲಯ ತೊಳೆಯುವುದು, ಅಂಗಳ ಸರಿಮಾಡುವುದು ಮುಂತಾದ ಕೆಲಸ ಮಾಡಿ, ಅದಕ್ಕೆ ಪ್ರತಿಯಾಗಿ ಅಭ್ಯಾಸ ಮಾಡುವ ಅವಕಾಶ ಪಡೆದ. ಒಂದು ಕಾಲಕ್ಕೆ ದೇಶದ ಮೊದಲ ಆಯ್ಕೆಯೆನಿಸಿದ್ದವನು ಅಲ್ಲಿ ನೆಲದ ಮೇಲೆ ಗಾಳಿಹಾಸಿಗೆ ಹಾಸಿ ಮಲಗುತ್ತಿದ್ದ. ಅದೇ ವರ್ಷ ಜೂನ್ ತಿಂಗಳಲ್ಲಿ ಮತ್ತೆ ಆಡಲು ಅನುಮತಿ ದೊರೆಯಿತು. 2007ರ ಏಪ್ರಿಲ್‌ನಲ್ಲಿ ಸಿನ್ಸಿನಾಟಿ ತಂಡದ ಪರವಾಗಿ ಮೊದಲ ಬಾರಿಗೆ ಆತ ದಾಂಡು ಹಿಡಿದು ಬಂದಾಗ ಪ್ರೇಕ್ಷಕರು ಎದ್ದುನಿಂತು ಕರತಾಡನ ಮಾಡಿದರು. 2008ರಲ್ಲಿ ಟೆಕ್ಸಾಸ್ ರೇಂಜರ್ಸ್ ತಂಡ ಸೇರಿದ. ಆ ವರ್ಷದ ಜುಲೈನಲ್ಲಿ ನ್ಯೂಯಾರ್ಕ್ ನಗರದ ಯಾಂಕೀ ಕ್ರೀಡಾಂಗಣದಲ್ಲಿ ಹೋಮ್ ರನ್ ಸ್ಪರ್ಧೆ ನಡೆಯಿತು. ಹೋಮ್ ರನ್ ಎಂದರೆ ನಮ್ಮ ಕ್ರಿಕೆಟ್ಟಿನ ಸಿಕ್ಸರಿಗೆ ಸಮಾನ ಎನ್ನಬಹುದು. ಮೊದಲ ಸುತ್ತಿನಲ್ಲೇ ಆತ 28 ಬಾರಿ ಚೆಂಡನ್ನು ಗಡಿಯಾಚೆಗೆ ಅಟ್ಟಿದ. ಅಂದು ಆತನಿಗೆ ಚೆಂಡು ಎಸೆದವರು ಬಾಲ್ಯದಲ್ಲಿ ಅಭ್ಯಾಸ ಮಾಡಿಸುತ್ತಿದ್ದ 71 ವರ್ಷದ ವೃದ್ಧರು. 2010ರಲ್ಲಿ ಅಮೆರಿಕನ್ ಲೀಗಿನ ಅತ್ಯಮೂಲ್ಯ ಆಟಗಾರನೆಂಬ ಪ್ರಶಸ್ತಿಯೂ ಬಂದಿತು.

ಪುಣ್ಯಕಥೆಯಾಗಿದ್ದರೆ ಇಲ್ಲಿಗೆ ಮಂಗಳ ಹಾಡಬಹುದಿತ್ತು. ಆದರೆ 2009ರ ಜನವರಿಯಲ್ಲಿ, ಹೆಂಡತಿ ಮಕ್ಕಳು ಊರಿನಲ್ಲಿದ್ದು ತಾನೊಬ್ಬನೇ ಅರಿಝೋನಾ ರಾಜ್ಯದಲ್ಲಿ ಅಭ್ಯಾಸಕ್ಕೆ ಹೋಗಿದ್ದಾಗ, ಒಂದೇ ಒಂದು ಲೋಟ ಕುಡಿದರೆ ಏನಾದೀತು ಎಂದುಕೊಂಡು ಆತ ಮತ್ತೆ ಜಾರಿದ. 2012ರ ಆರಂಭದಲ್ಲಿ ಡಲ್ಲಾಸ್ ನಗರದಲ್ಲಿ ಇನ್ನೊಮ್ಮೆ. 5 ವರ್ಷಗಳಿಗೆ 12.5 ಕೋಟಿ ಡಾಲರಿನ ಒಪ್ಪಂದದ ಮೇಲೆ ಬೇರೆ ತಂಡಕ್ಕೆ ಹೋದ ಮೇಲೆ, 2015ರಲ್ಲಿ ಮತ್ತೊಮ್ಮೆ. ಅದೇ ವರ್ಷ ದಾಂಪತ್ಯವೂ ಮುರಿಯಿತು. ದೊಡ್ಡ ಲೀಗಿನ ಆಟವೂ ಅಲ್ಲಿಗೇ ಮುಗಿಯಿತು. ಮುಂದೆ ಕುಟುಂಬದೊಳಗಿನ ಒಂದು ಪ್ರಕರಣದಲ್ಲಿ, 2022ರಲ್ಲಿ, ಕಡಿಮೆ ತರಗತಿಯ ಅಪರಾಧವೊಂದನ್ನು ಆತ ನ್ಯಾಯಾಲಯದಲ್ಲಿ ಒಪ್ಪಿಕೊಳ್ಳಬೇಕಾಯಿತು. ಇದನ್ನು ಬಚ್ಚಿಟ್ಟು ಆತನನ್ನು ಸಂತನೆಂದು ಚಿತ್ರಿಸುವುದು ನಮ್ಮ ಉದ್ದೇಶವಲ್ಲ. ಆತ ಸಂತನಲ್ಲ ಎಂಬುದರಿಂದಲೇ ಈ ಜೀವನ ನಮ್ಮ ವಿಚಾರಕ್ಕೆ ತಕ್ಕದ್ದಾಗಿದೆ.

ಸಂಶಯ ಮತ್ತು ಪೂರ್ವಪಕ್ಷ

ಸಂಶಯವಿಷ್ಟೆ: ದೇವರಿಗೆ ಶರಣಾದೆನೆಂದವನು ಮತ್ತೆ ಬಿದ್ದರೆ ಆ ಶರಣಾಗತಿ ನಿಜವೇ, ಸುಳ್ಳೇ? ಇದಕ್ಕೆ ಮೂರು ದಿಕ್ಕುಗಳಿಂದ ಪೂರ್ವಪಕ್ಷ ಬರುತ್ತದೆ.

ಮೊದಲನೆಯದು ನಾಸ್ತಿಕರದು. ಬಿಡಿಸಿದವನು ದೇವರಾದರೆ ಮತ್ತೆ ಬೀಳಲು ಬಿಟ್ಟದ್ದೇಕೆ? ಒಂದೋ ಆತನಿಗೆ ಶಕ್ತಿಯಿಲ್ಲ, ಇಲ್ಲವೇ ಇದೆಲ್ಲ ಮನಸ್ಸಿನ ಕಲ್ಪನೆ, ಎಂದು ಅವರ ವಾದ.

ಎರಡನೆಯದು ಭಕ್ತರೆನಿಸಿಕೊಂಡವರದು. ಭಕ್ತಿ ನಿಜವಾಗಿದ್ದರೆ ಬೀಳುತ್ತಲೇ ಇರಲಿಲ್ಲ. ಬಿದ್ದನೆಂದ ಮೇಲೆ ಅದು ತೋರಿಕೆಯ ಭಕ್ತಿ, ಎಂದು ಇವರು ತೀರ್ಪು ಕೊಡುತ್ತಾರೆ. ಇನ್ನೂ ಮುಂದೆ ಹೋಗಿ, ಅವನ ಜೀವಸ್ವಭಾವವೇ ಅಂಥದು ಎನ್ನುವವರೂ ಉಂಟು.

ಮೂರನೆಯದು ನಮ್ಮ ಸಿದ್ಧಾಂತದ ಅರ್ಧವನ್ನು ಮಾತ್ರ ಕೇಳಿಸಿಕೊಂಡವರದು. ಜೀವನು ಅಸ್ವತಂತ್ರ, ಎಲ್ಲವನ್ನೂ ಮಾಡಿಸುವವನು ಹರಿ. ಬೀಳಿಸಿದವನೂ ಅವನೇ, ಏಳಿಸುವವನೂ ಅವನೇ. ಇದರಲ್ಲಿ ಕುಡಿದವನ ತಪ್ಪೇನು, ಮನೆಯವರು ಮಾಡಬೇಕಾದದ್ದೇನು? ಹಣೆಯಲ್ಲಿ ಬರೆದಂತೆ ಆಗಲಿ, ಎಂದು ಕೈಚೆಲ್ಲುವವರು ಇವರು.

ಈ ಮೂರರಲ್ಲಿ ಮೂರನೆಯದೇ ಹೆಚ್ಚು ಅಪಾಯಕಾರಿ. ಅದು ನಮ್ಮ ಮಾತಿನ ಧಾಟಿಯಲ್ಲಿಯೇ ಬರುವುದರಿಂದ ಮೊದಲು ಅದನ್ನೇ ಪರಿಶೀಲಿಸೋಣ.

ಸಿದ್ಧಾಂತ

ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನಿಗೆ ಕರ್ತೃತ್ವವುಂಟೇ ಎಂಬ ವಿಚಾರ ಬರುತ್ತದೆ. ಅಲ್ಲಿ ಬಡಗಿಯ ದೃಷ್ಟಾಂತವಿದೆ. ಶ್ರೀಮದಾಚಾರ್ಯರು ಅದನ್ನು ವಿವರಿಸುವ ರೀತಿ ಬಹಳ ಸರಳವಾಗಿದೆ. ಬಡಗಿಯನ್ನು ಕೆಲಸಕ್ಕೆ ಹಚ್ಚುವ ಯಜಮಾನ ಬೇರೆ ಇದ್ದಾನೆ. ಬಡಗಿ ಅವನ ಅಧೀನ. ಆದರೂ ಕೆಲಸ ಮಾಡುವವನು ಬಡಗಿಯೇ. ಅಧೀನನೆಂಬ ಕಾರಣಕ್ಕೆ ಅವನ ಕರ್ತೃತ್ವ ಇಲ್ಲವಾಗುವುದಿಲ್ಲ. ಕರ್ತೃವೆಂಬ ಕಾರಣಕ್ಕೆ ಅವನು ಸ್ವತಂತ್ರನೂ ಆಗುವುದಿಲ್ಲ. ಜೀವನ ಸ್ಥಿತಿಯೂ ಹಾಗೆಯೇ. ಅಲ್ಲಿಂದ ಮುಂದೆ ಭಗವಂತನ ಪ್ರೇರಣೆ ಜೀವನ ಪ್ರಯತ್ನವನ್ನು ಅಪೇಕ್ಷಿಸಿಯೇ ಇರುತ್ತದೆಂದೂ, ಇಲ್ಲದಿದ್ದರೆ ಇದನ್ನು ಮಾಡು, ಇದನ್ನು ಮಾಡಬೇಡ ಎನ್ನುವ ಶಾಸ್ತ್ರದ ಮಾತುಗಳೆಲ್ಲ ವ್ಯರ್ಥವಾಗುತ್ತಿದ್ದವೆಂದೂ ತಿಳಿಸಲಾಗಿದೆ. ಯಜಮಾನನೇ ಮಾಡಿಸುತ್ತಾನೆಂದು ಉಳಿಯನ್ನು ಕೆಳಗಿಟ್ಟು ಕುಳಿತ ಬಡಗಿಗೆ ಸಂಜೆ ಕೂಲಿ ಸಿಕ್ಕುವುದುಂಟೇ?

ವ್ಯಸನದಿಂದ ಬಿಡುಗಡೆ ಪಡೆದವರ ಅನುಭವವೂ ಇದಕ್ಕೆ ಪುಷ್ಟಿ ಕೊಡುತ್ತದೆ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವರೂ ಬಾಬ್ ಸ್ಮಿತ್ ಎಂಬ ವೈದ್ಯರೂ ಸೇರಿ ಕುಡಿತ ಬಿಡಬಯಸುವವರ ಸಂಘವೊಂದನ್ನು ಆರಂಭಿಸಿದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಹೆಸರಿನ ಆ ಸಂಘ ಇಂದು ನಮ್ಮ ಮಹಾನಗರಗಳಲ್ಲಿಯೂ ಇದೆ. ಅವರ 12 ಮೆಟ್ಟಿಲುಗಳಲ್ಲಿ ಮೊದಲನೆಯದು, ಈ ವ್ಯಸನದ ಎದುರು ನನ್ನ ಬಲ ಸಾಲದು ಎಂದು ಒಪ್ಪಿಕೊಳ್ಳುವುದು. ಆಮೇಲೆ ತನಗಿಂತ ಹಿರಿದಾದ ಶಕ್ತಿಗೆ ಒಪ್ಪಿಸಿಕೊಳ್ಳುವುದು. ಅಲ್ಲಿಗೆ ಎಲ್ಲ ಮುಗಿಯಿತೇ? ಇಲ್ಲ. ಮಿಕ್ಕ ಮೆಟ್ಟಿಲುಗಳೆಲ್ಲ ಕೆಲಸವೇ. ತನ್ನ ದೋಷಗಳನ್ನು ಲೆಕ್ಕಹಾಕಬೇಕು, ಇನ್ನೊಬ್ಬರ ಮುಂದೆ ಒಪ್ಪಿಕೊಳ್ಳಬೇಕು, ತಾನು ನೋಯಿಸಿದವರ ಬಳಿಗೆ ಹೋಗಿ ಸರಿಪಡಿಸಬೇಕು, ಪ್ರಾರ್ಥನೆ ಬಿಡಬಾರದು, ತನ್ನಂತೆ ಬಿದ್ದ ಇತರರಿಗೆ ನೆರವಾಗಬೇಕು. ಒಪ್ಪಿಸಿಕೊಂಡವನಿಗೆ ಕೆಲಸ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಹ್ಯಾಮಿಲ್ಟನ್ ಆಶ್ರಯಿಸಿದ ವಚನದ ಎರಡು ಭಾಗಗಳೂ ಇದನ್ನೇ ಹೇಳುತ್ತವೆ. ತಲೆಬಾಗುವುದರ ಜೊತೆಗೆ ಎದುರಿಸಿ ನಿಲ್ಲುವುದೂ ಇದೆ.

ಇನ್ನು ಎರಡನೆಯ ಪೂರ್ವಪಕ್ಷ, ಬಿದ್ದವನ ಭಕ್ತಿ ಸುಳ್ಳೆಂಬುದು. ಈ ಪ್ರಶ್ನೆಯನ್ನು ಆ ತಾಯಿಗಿಂತ ಬಹಳ ಮೊದಲೇ ಕೇಳಿದವನೊಬ್ಬನಿದ್ದಾನೆ. ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನ ಕೇಳುತ್ತಾನೆ: ಶ್ರದ್ಧೆಯಿದ್ದೂ ಮನಸ್ಸು ಹಿಡಿತಕ್ಕೆ ಬಾರದೆ ದಾರಿಯಿಂದ ಜಾರಿದವನ ಗತಿಯೇನು, ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ಚೆದರಿದ ಮೋಡದಂತೆ ನಾಶವಾಗುವನೇ? ಇಲ್ಲಿ ಗಮನಿಸಬೇಕಾದದ್ದು, ಜಾರಿದವನಿಗೂ ಶ್ರದ್ಧೆಯಿತ್ತೆಂದು ಪ್ರಶ್ನೆಯೇ ಒಪ್ಪಿಕೊಂಡಿದೆ. ಶ್ರದ್ಧೆಯಿದ್ದವನು ಜಾರುವುದೇ ಇಲ್ಲವೆಂದು ಶ್ರೀಕೃಷ್ಣನು ಅರ್ಜುನನನ್ನು ತಿದ್ದಲಿಲ್ಲ. ಒಳ್ಳೆಯದನ್ನು ಮಾಡಿದ ಯಾವನೂ ಕೆಟ್ಟ ಗತಿಗೆ ಹೋಗುವುದಿಲ್ಲವೆಂದು ಅಭಯ ಕೊಟ್ಟ. ಮಾಡಿದಷ್ಟು ಸಾಧನೆ ಹಾಳಾಗದೆ, ಬಿಟ್ಟಲ್ಲಿಂದ ಮುಂದುವರಿಯುತ್ತದೆಂದು ತಿಳಿಸಿದ. ಜನ್ಮಾಂತರಕ್ಕೂ ಉಳಿದು ಬರುವ ಸಾಧನೆ ಒಂದು ರಾತ್ರಿಯ ಪತನದಿಂದ ಅಳಿಸಿಹೋಗುವುದೆಂದು ಹೇಳಲು ನಾವು ಯಾರು?

ಹಾಗಾದರೆ ಶ್ರದ್ಧೆಯಿದ್ದೂ ಜಾರುವುದೇಕೆ? ಇದಕ್ಕೆ ಉತ್ತರ ಗೀತೆಯ ಎರಡನೆಯ ಅಧ್ಯಾಯದಲ್ಲಿದೆ. ಉಪವಾಸವಿದ್ದವನಿಂದ ವಿಷಯಗಳು ದೂರವಾಗಬಹುದು, ಆದರೆ ಅವುಗಳ ರುಚಿ ಒಳಗೆ ಉಳಿದೇ ಇರುತ್ತದೆ. ಪರಮಾತ್ಮನನ್ನು ಕಂಡಾಗಲೇ ಅದೂ ಹೋಗುತ್ತದೆ ಎಂಬುದು ಅಲ್ಲಿನ ಅಭಿಪ್ರಾಯ. ಏಕಾದಶಿ ಮಾಡುವ ನಮಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಬಾಯಿಗೆ ಅನ್ನ ಹೋಗದಿದ್ದರೂ ಮನಸ್ಸು ಎಷ್ಟು ಬಾರಿ ಅಡುಗೆಮನೆಗೆ ಹೋಗಿ ಬರುತ್ತದೆಂಬುದು ನಮಗೇ ಗೊತ್ತು. ವೈದ್ಯಶಾಸ್ತ್ರವೂ ಇಂದು ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತಿದೆ. ದೀರ್ಘಕಾಲದ ವ್ಯಸನ ಮಿದುಳಿನಲ್ಲಿ ಸುಖವನ್ನು ಗುರುತಿಸುವ, ನೆನಪಿಡುವ, ಆಸೆಯನ್ನು ತಡೆಯುವ ಭಾಗಗಳನ್ನೇ ಬದಲಾಯಿಸುತ್ತದೆ. ಬಿಟ್ಟು ವರ್ಷಗಳಾದರೂ ಒಂದು ವಾಸನೆ, ಒಂದು ಹಳೆಯ ಬೀದಿ, ಒಂದು ಜಗಳ ಆ ನೆನಪನ್ನು ಎಬ್ಬಿಸಬಲ್ಲದು. ಆದುದರಿಂದಲೇ ವೈದ್ಯರು ಇದನ್ನು ರಕ್ತದೊತ್ತಡ, ಆಸ್ತಮಾಗಳಂತೆ ಬಹುಕಾಲ ಎಚ್ಚರಿಕೆಯಿಂದ ನೋಡಿಕೊಳ್ಳಬೇಕಾದ ರೋಗವೆಂದು ಎಣಿಸುತ್ತಾರೆ. ಜಾರಿದವನಲ್ಲಿ ರುಚಿ ಉಳಿದಿತ್ತೆಂಬುದು ಸಿದ್ಧವಾಯಿತು. ಭಕ್ತಿ ಇರಲಿಲ್ಲವೆಂಬುದು ಅದರಿಂದ ಸಿದ್ಧವಾಗುವುದಿಲ್ಲ.

ಜೀವಸ್ವಭಾವದ ಮಾತು ಆಡುವವರಿಗೂ ಒಂದು ವಿನಂತಿ. ಸ್ವಭಾವತಾರತಮ್ಯ ನಮ್ಮ ಸಿದ್ಧಾಂತದ ಪ್ರಮೇಯವೆಂಬುದು ನಿಜ. ಆದರೆ ಇಂಥ ಜೀವನ ಸ್ವರೂಪ ಇಂಥದೆಂದು ಬಲ್ಲವರು ಅಪರೋಕ್ಷಜ್ಞಾನಿಗಳು. ಪಕ್ಕದ ಮನೆಯ ಹುಡುಗ ರಾತ್ರಿ ಎಷ್ಟು ಗಂಟೆಗೆ ಬಂದನೆಂದು ನೋಡಿ ಅವನ ಅನಾದಿಸ್ವರೂಪವನ್ನು ನಿರ್ಣಯಿಸುವ ಅಧಿಕಾರ ನಮಗಿಲ್ಲ. ಪ್ರಮೇಯವನ್ನು ಅರಿಯುವುದು ಜ್ಞಾನ. ಅದನ್ನು ನೆರೆಯವನ ಮೇಲೆ ಎಸೆಯುವುದು ಅಪರಾಧ. ಅಜಾಮಿಳನನ್ನು ಕನ್ಯಾಕುಬ್ಜದ ಜನ ಏನೆಂದು ಎಣಿಸಿದ್ದರೋ, ಅವನ ಕಥೆ ಹಾಗೆ ಮುಗಿಯಲಿಲ್ಲವಲ್ಲ! ಅವನ ಕಥೆಯಲ್ಲಿ ನಾವು ಮರೆಯುವ ಭಾಗವೊಂದಿದೆ. ಯಮದೂತರಿಂದ ಬಿಡುಗಡೆಯಾದ ಮೇಲೆ ಅವನು ಹಳೆಯ ಮನೆಯಲ್ಲಿಯೇ ಉಳಿಯಲಿಲ್ಲ. ಪಶ್ಚಾತ್ತಾಪಪಟ್ಟು, ಗಂಗಾದ್ವಾರಕ್ಕೆ ಹೋಗಿ ಸಾಧನೆಯಲ್ಲಿ ತೊಡಗಿದ. ಅನುಗ್ರಹವಾದ ಮೇಲೆಯೂ ಸ್ಥಳ ಬದಲಾಯಿಸಬೇಕಾಯಿತು, ಸಂಗ ಬದಲಾಯಿಸಬೇಕಾಯಿತು.

ಮೊದಲನೆಯ ಪೂರ್ವಪಕ್ಷಕ್ಕೂ ಉತ್ತರ ಇಲ್ಲಿಂದಲೇ ಹೊರಡುತ್ತದೆ. ದೇವರು ಬಿಡಿಸಿದನೆಂದರೆ ಇನ್ನು ಮೇಲೆ ಬೀಳದಂತೆ ಬರೆದುಕೊಟ್ಟನೆಂದು ಅರ್ಥವಲ್ಲ. 2011ರ ವಿಶ್ವ ಸರಣಿಯ ಆರನೆಯ ಪಂದ್ಯದಲ್ಲಿ, ಹತ್ತನೆಯ ಸರದಿಯಲ್ಲಿ, ಹ್ಯಾಮಿಲ್ಟನ್ ಹೊಡೆದ ಹೋಮ್ ರನ್ ತಂಡವನ್ನು ಮುಂದಕ್ಕೆ ಒಯ್ದಿತು. ಅದನ್ನು ಹೊಡೆಯುವೆನೆಂದು ದೇವರು ತನಗೆ ಮೊದಲೇ ಸೂಚಿಸಿದ್ದನೆಂದು ಆತ ಪಂದ್ಯ ಮುಗಿದ ಮೇಲೆ ಹೇಳಿದ. ಆದರೆ ಆ ಪಂದ್ಯವನ್ನೂ ಮರುದಿನದ ಪಂದ್ಯವನ್ನೂ ರೇಂಜರ್ಸ್ ಸೋತು, ಸರಣಿ ಎದುರಾಳಿಗಳ ಪಾಲಾಯಿತು. ಗೆಲ್ಲುವಿರೆಂದು ದೇವರು ಹೇಳಿರಲಿಲ್ಲವೆಂಬುದೇ ಆತನ ವಿವರಣೆ. ಕೆಲವರು ನಕ್ಕರು. ಆ ಸೂಚನೆ ನಿಜವೋ ಭ್ರಮೆಯೋ ಎಂಬ ವಿಚಾರ ನಮಗೆ ಬೇಡ. ಹೊಡೆದ ಹೊಡೆತಕ್ಕೆ ಕೃತಜ್ಞತೆ, ಸೋತ ಪಂದ್ಯಕ್ಕೆ ದೂರಿಲ್ಲ ಎಂಬ ಭಾವ ಮಾತ್ರ ಹಗುರವಾದದ್ದಲ್ಲ. ಗೆಲುವು ಕೊಟ್ಟರೆ ದೇವರು, ಇಲ್ಲದಿದ್ದರೆ ಇಲ್ಲ ಎಂಬುದು ವ್ಯಾಪಾರ. ಹಿರಿಮೆಯನ್ನು ಅರಿತು ಹುಟ್ಟುವ, ಎಲ್ಲಕ್ಕೂ ಮಿಗಿಲಾದ ಗಟ್ಟಿಯಾದ ಪ್ರೀತಿಯನ್ನೇ ಆಚಾರ್ಯರು ಭಕ್ತಿ ಎಂದರು. ಗಟ್ಟಿ ಎಂಬ ಮಾತಿನ ಅರ್ಥ ಅಡ್ಡಿಗಳು ಬಂದಾಗಲೇ ತಿಳಿಯುವುದು.

ಅಸ್ವಾತಂತ್ರ್ಯದ ಅರಿವು ಎಂಬ ಬೇಲಿ

ಇಲ್ಲಿಯವರೆಗೆ ಹೇಳಿದ್ದನ್ನು ಕುಡಿಯುವವನು ನೆಪವಾಗಿ ಹಿಡಿದುಕೊಳ್ಳಬಹುದೆಂಬ ಭಯ ನಮಗಿದೆ. ಬಿದ್ದರೂ ಭಕ್ತಿ ಹೋಗುವುದಿಲ್ಲವಲ್ಲ, ಆದುದರಿಂದ ಇಂದೊಂದು ದಿನ, ಎಂದು ಅವನು ಹೇಳಿದರೆ? ಅದಕ್ಕೆ ಉತ್ತರವನ್ನು ಹ್ಯಾಮಿಲ್ಟನ್ ಜೀವನದಲ್ಲಿಯೇ ನೋಡಬಹುದು.

ಆಟಕ್ಕೆ ಮರಳಿದ ಮೇಲೆ ಆತ ತನ್ನ ಸುತ್ತ ಒಂದು ಬೇಲಿ ಕಟ್ಟಿಕೊಂಡ. ಜೇಬಿನಲ್ಲಿ ಹೆಚ್ಚು ಹಣ ಇಟ್ಟುಕೊಳ್ಳುತ್ತಿರಲಿಲ್ಲ. ಪರಊರಿಗೆ ಹೋದಾಗ ತಂಡದ ತರಬೇತುದಾರರೊಬ್ಬರು ನೆರಳಿನಂತೆ ಜೊತೆಗಿದ್ದು, ಊಟದ ಖರ್ಚಿನ ಹಣವನ್ನೂ ತಾವೇ ಇಟ್ಟುಕೊಳ್ಳುತ್ತಿದ್ದರು. ಇಬ್ಬರೂ ಕೂಡಿ ಪ್ರಾರ್ಥಿಸುತ್ತಿದ್ದರು. ವಾರಕ್ಕೆ 3 ಬಾರಿ ಮೂತ್ರಪರೀಕ್ಷೆ ನಡೆಯುತ್ತಿತ್ತು. ಕೋಟ್ಯಂತರ ಗಳಿಸುವ, ಆರಡಿ ಮೀರಿದ ಗಂಡಸಿಗೆ ಇದು ಅವಮಾನವಲ್ಲವೇ ಎಂದು ಹೊರಗಿನವರಿಗೆ ತೋರಬಹುದು. ಆತನಿಗೆ ಅದು ಅವಮಾನವಾಗಿರಲಿಲ್ಲ. ನಾನು ಸ್ವತಂತ್ರನಲ್ಲ ಎಂಬ ಮಾತನ್ನು ದೇವರ ಕೋಣೆಯಲ್ಲಿ ಹೇಳುವುದು ಸುಲಭ. ಜೇಬಿನ ಹಣವನ್ನು ಇನ್ನೊಬ್ಬರ ಕೈಗೆ ಕೊಟ್ಟು ಅದನ್ನೇ ಹೇಳುವುದು ಕಷ್ಟ. ಆತ ಕಷ್ಟವಾದದ್ದನ್ನು ಮಾಡಿದ.

ಬಿದ್ದದ್ದು ಯಾವಾಗ ಎಂದೂ ನೋಡಬೇಕು. 2009ರಲ್ಲಿ ಒಂಟಿಯಾಗಿದ್ದಾಗ. ತನ್ನನ್ನು ನೇರದಾರಿಯಲ್ಲಿ ಇಟ್ಟಿದ್ದ ದೇವರ ಸಂಬಂಧದಿಂದ ಆ ದಿನಗಳಲ್ಲಿ ದೂರ ಸರಿದಿದ್ದೆನೆಂದು ಆತನೇ ಆಮೇಲೆ ಹೇಳಿದ. 2012ರಲ್ಲಿ ಬಿದ್ದದ್ದು, ಜೊತೆಗಿದ್ದ ತರಬೇತುದಾರರು ಬೇರೆ ತಂಡಕ್ಕೆ ಹೋಗಿ, ಅವರ ಸ್ಥಾನಕ್ಕೆ ಇನ್ನೊಬ್ಬರು ಬರುವ ಮೊದಲು, ಕುಟುಂಬದ ಮನಸ್ತಾಪವೊಂದು ನಡೆದ ದಿನ. ಬೇಲಿ ಕಿತ್ತ ಜಾಗದಲ್ಲಿಯೇ ದನ ನುಗ್ಗಿತು. ಒಂದೇ ಲೋಟ ತಾಳಬಲ್ಲೆ ಎಂಬ ಎಣಿಕೆಯೇ ಸ್ವಾತಂತ್ರ್ಯದ ಅಭಿಮಾನ. ಕುಡಿತ ಬಾಯಿಗೆ ಹೋಗುವ ಮೊದಲೇ ಆ ಅಭಿಮಾನ ಮನಸ್ಸಿಗೆ ಹೋಗಿರುತ್ತದೆ. ಬಿದ್ದರೂ ಭಕ್ತಿ ಉಳಿಯುತ್ತದೆಂಬ ಧೈರ್ಯದ ಮೇಲೆ ಕುಡಿಯುವವನು ಭಕ್ತಿಯನ್ನಲ್ಲ, ಈ ಅಭಿಮಾನವನ್ನೇ ಪೋಷಿಸುತ್ತಾನೆ.

ಬಿದ್ದ ಮೇಲೆ ಏನು ಮಾಡಿದ? 2009ರ ಆ ರಾತ್ರಿಯ ಮರುದಿನವೇ ಹೆಂಡತಿಗೆ, ತಂಡಕ್ಕೆ, ಆಟದ ಆಡಳಿತಕ್ಕೆ ತಾನಾಗಿ ತಿಳಿಸಿದ. ಏಳು ತಿಂಗಳ ಮೇಲೆ ಆ ರಾತ್ರಿಯ ಚಿತ್ರಗಳು ಹೊರಬಿದ್ದಾಗ ಅಲ್ಲಗಳೆಯದೆ ಪತ್ರಕರ್ತರ ಮುಂದೆ ಬಂದು ಕುಳಿತ. 2015ರಲ್ಲಿಯೂ ತಾನೇ ಹೋಗಿ ಒಪ್ಪಿಕೊಂಡ. ಭಕ್ತಿ ಇತ್ತೋ ಇಲ್ಲವೋ ಎಂದು ಅಳೆಯಲೇಬೇಕಾದರೆ, ಬಿದ್ದ ರಾತ್ರಿಗಿಂತ ಅದರ ಮರುದಿನದ ಬೆಳಗನ್ನು ನೋಡುವುದು ನ್ಯಾಯ. ಸುಳ್ಳುಭಕ್ತಿ ಬೆಳಗಾದ ಮೇಲೆ ಇನ್ನೊಂದು ಸುಳ್ಳು ಹೇಳುತ್ತದೆ. ನಿಜವಾದ ಭಕ್ತಿ ನಾಚುತ್ತದೆ, ನಿಜ ಹೇಳುತ್ತದೆ, ಮತ್ತೆ ಬೇಲಿ ಕಟ್ಟುತ್ತದೆ.

ಒಮ್ಮೆ ಎದ್ದವನು ಮತ್ತೆ ಬೀಳಲೇಬೇಕೆಂಬ ನಿಯಮವಿದೆಯೆಂದು ಯಾರೂ ತಿಳಿಯಬಾರದು. ಇಂಗ್ಲೆಂಡಿನ ಕಾಲ್ಚೆಂಡು ಆಟಗಾರ, ಆರ್ಸೆನಲ್ ತಂಡದ ನಾಯಕ ಟೋನಿ ಆಡಮ್ಸ್ ಕುಡಿದು ವಾಹನ ನಡೆಸಿದ್ದಕ್ಕಾಗಿ 1990ರಲ್ಲಿ ಸೆರೆಮನೆಗೆ ಹೋದವರು. 1996ರಲ್ಲಿ, ತಾನು ಕುಡಿತದ ರೋಗಿ ಎಂದು ಬಹಿರಂಗವಾಗಿ ಒಪ್ಪಿಕೊಂಡು, ಮೇಲೆ ಹೇಳಿದ ಸಂಘದ ಮಾರ್ಗವನ್ನೇ ಹಿಡಿದು ಕುಡಿತ ಬಿಟ್ಟರು. 2000ದಲ್ಲಿ ತಮ್ಮಂಥ ಆಟಗಾರರಿಗಾಗಿ ಸ್ಪೋರ್ಟಿಂಗ್ ಚಾನ್ಸ್ ಎಂಬ ಚಿಕಿತ್ಸಾಸಂಸ್ಥೆಯನ್ನು ಸ್ಥಾಪಿಸಿದರು. ಒಬ್ಬನಿಗೆ ಒಂದೇ ಬಾರಿಗೆ ಸಾಧ್ಯವಾದದ್ದು ಇನ್ನೊಬ್ಬನಿಗೆ ಮೂರು ಬಾರಿಯೂ ಕಷ್ಟವಾಗುವುದೇಕೆಂಬುದನ್ನು ಆಯಾ ಜೀವರ ಯೋಗ್ಯತೆ, ಕರ್ಮ, ಪ್ರಯತ್ನಗಳನ್ನೆಲ್ಲ ಬಲ್ಲ ಶ್ರೀಹರಿಯೊಬ್ಬನೇ ಬಲ್ಲ.

ಪ್ರಯೋಜನ

ಈ ವಿಚಾರದಿಂದ ನಮ್ಮ ಮನೆಗಳಿಗೆ ಆಗುವ ಪ್ರಯೋಜನವೇನು?

ಮೊದಲನೆಯದಾಗಿ, ಮುಚ್ಚಿಡಬಾರದು. ನಮ್ಮಂಥವರ ಮನೆಯಲ್ಲಿ ಇಂಥದು ಉಂಟೇ ಎಂಬ ಅಂಜಿಕೆಯಿಂದ ಎಷ್ಟೋ ತಾಯಂದಿರು ವರ್ಷಗಟ್ಟಲೆ ಒಬ್ಬರೇ ಅಳುತ್ತಾರೆ. ಮದುವೆ ಮಾಡಿದರೆ ಸರಿಹೋದಾನೆಂದು ಇನ್ನೊಂದು ಮನೆಯ ಹೆಣ್ಣುಮಗಳನ್ನೂ ಆ ದುಃಖಕ್ಕೆ ತಂದು ಸೇರಿಸುವವರಿದ್ದಾರೆ. ಇದು ಅಧರ್ಮವೆಂದು ಸ್ಪಷ್ಟವಾಗಿ ಹೇಳುತ್ತೇವೆ.

ಎರಡನೆಯದಾಗಿ, ಆ ಅಮೆರಿಕದ ಅಜ್ಜಿಯಿಂದ ಕಲಿಯಬೇಕು. ಅವರು ಬಾಗಿಲು ತೆರೆದರು, ಅನ್ನ ಹಾಕಿದರು. ಆದರೆ ಕಂಡದ್ದನ್ನು ಕಾಣದಂತೆ ಇರಲಿಲ್ಲ. ಬಾಗಿಲು ಮುಚ್ಚುವುದು ಕ್ರೌರ್ಯ. ಬಾಗಿಲು ತೆರೆದು ಬಾಯಿ ಮುಚ್ಚಿಕೊಳ್ಳುವುದು ಮೋಹ. ಪ್ರೀತಿ ಇವೆರಡರ ನಡುವಣ ಕಷ್ಟದ ದಾರಿ.

ಮೂರನೆಯದಾಗಿ, ವೈದ್ಯರ ಬಳಿಗೆ ಕರೆದೊಯ್ಯಬೇಕು. ದೇವರ ಮುಂದೆ ಆಣೆ ಮಾಡಿಸಿ ಒಂದೇ ದಿನದಲ್ಲಿ ಬಿಡಿಸುವುದೇ ಭಕ್ತಿ ಎಂದುಕೊಳ್ಳಬೇಡಿ. ಬಹುಕಾಲ ಅತಿಯಾಗಿ ಕುಡಿದವನು ಥಟ್ಟನೆ ನಿಲ್ಲಿಸಿದರೆ ಸೆಳವು, ಸನ್ನಿಗಳು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ ವಿಭಾಗವಿದೆ. ನಾವಿರುವ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿಯೂ ಚಿಕಿತ್ಸೆ ದೊರೆಯುತ್ತದೆ. ಧನ್ವಂತರಿಯೂ ಶ್ರೀಹರಿಯ ರೂಪವೇ ಎಂದು ನಂಬಿದವರಿಗೆ ಔಷಧಕ್ಕೂ ಪ್ರಾರ್ಥನೆಗೂ ವಿರೋಧ ಕಾಣಬಾರದು.

ನಾಲ್ಕನೆಯದಾಗಿ, ಬಿಟ್ಟವನ ಸುತ್ತಲಿನ ಬೇಲಿಯಲ್ಲಿ ನಾವೂ ಒಂದು ಗೂಟವಾಗಬೇಕು. 2010ರಲ್ಲಿ ರೇಂಜರ್ಸ್ ತಂಡ ನಿರ್ಣಾಯಕ ಪಂದ್ಯವನ್ನು ಗೆದ್ದಾಗ ಪದ್ಧತಿಯಂತೆ ಷಾಂಪೇನ್ ಎರಚಾಡಬೇಕಿತ್ತು. ಆದರೆ ಹ್ಯಾಮಿಲ್ಟನ್ ಹೊರಗೆ ನಿಲ್ಲಬಾರದೆಂದು ಆತನ ಜೊತೆಗಾರರು ಜಿಂಜರ್ ಏಲ್ ಎಂಬ, ಮದ್ಯದ ಅಂಶವಿಲ್ಲದ ಶುಂಠಿಯ ಪಾನೀಯವನ್ನು ತಂದು ಆತನ ಮೇಲೆ ಸುರಿದು ಸಂಭ್ರಮಿಸಿದರು. ಧರ್ಮಶಾಸ್ತ್ರ ಓದಿದವರಲ್ಲ ಅವರು. ಆದರೂ ಸಜ್ಜನಸಂಗ ಹೇಗಿರಬೇಕೆಂದು ತೋರಿಸಿಕೊಟ್ಟರು. ನಮ್ಮ ಭಜನೆ, ಪ್ರವಚನಗಳಿಗೆ ಅಂಥ ತರುಣನೊಬ್ಬ ಬಂದು ಹಿಂದಿನ ಸಾಲಿನಲ್ಲಿ ಕುಳಿತರೆ ನಾವು ಪಿಸುಗುಟ್ಟುತ್ತೇವೆಯೋ, ಪಕ್ಕದಲ್ಲಿ ಜಾಗ ಮಾಡಿಕೊಡುತ್ತೇವೆಯೋ? ಇಷ್ಟು ಪೂಜೆ ಮಾಡಿ ಏನಾಯಿತು ಎಂಬ ಒಂದು ಕೊಂಕುಮಾತು, ಅವನು ಹಿಡಿದುಕೊಂಡಿರುವ ಕೊನೆಯ ಹಗ್ಗವನ್ನೂ ಕತ್ತರಿಸಬಹುದು.

ಆ ಹಿರಿಯ ತಾಯಿಗೆ ಅಂದು ಕೊಡಲಾಗದ ಉತ್ತರವನ್ನು ಇಂದು ಹೀಗೆ ಕೊಡುತ್ತೇವೆ. ಅಮ್ಮಾ, ಆ ಎರಡು ವರ್ಷ ಸುಳ್ಳಲ್ಲ. ಅಂದು ಮಾಡಿದ ಒಂದೊಂದು ಅರ್ಘ್ಯವೂ ಸ್ವಾಮಿಯ ಲೆಕ್ಕದಲ್ಲಿದೆ. ದೇವರು ಕೈಬಿಟ್ಟಿಲ್ಲ. ಆ ಹುಡುಗ ಕೈ ಸಡಿಲಿಸಿದ್ದಾನೆ, ಮತ್ತೆ ಹಿಡಿಯಬಹುದು. ನಾಳೆ ಬೆಳಿಗ್ಗೆ ಎದ್ದು ನಡೆದದ್ದನ್ನು ಮನೆಯವರಿಗೆ ನಿಜವಾಗಿ ಹೇಳಲಿ, ವೈದ್ಯರನ್ನು ಕಾಣಲಿ, ಸ್ನಾನ ಮಾಡಿ ಸಂಧ್ಯಾವಂದನೆಗೆ ಕುಳಿತುಕೊಳ್ಳಲಿ. ನೀವು ಪಕ್ಕದಲ್ಲಿರಿ. ಬಡಗಿ ಉಳಿಯನ್ನು ಮತ್ತೆ ಕೈಗೆತ್ತಿಕೊಂಡರೆ ಯಜಮಾನನ ಮನೆಯಲ್ಲಿ ಕೆಲಸವಿದ್ದೇ ಇದೆ.

ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಕೃಷ್ಣನು ಅಂಥ ಎಲ್ಲ ಮನೆಗಳಲ್ಲಿಯೂ ಧೈರ್ಯವನ್ನೂ ವಿವೇಕವನ್ನೂ ಅನುಗ್ರಹಿಸಲೆಂದು ಪ್ರಾರ್ಥಿಸಿ ಈ ವಿಚಾರವನ್ನು ಮುಗಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.